ಚೆನ್ನಮ್ಮನ ಕೋಟೆಯಿಂದ ಶಬರಿಯ ಕೊಳ್ಳದವರೆಗೆ

ಪ್ರವಾಸ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, "ಯಾವ ದೇವರಿಗೆ?" ಎಂಬುದು. ಹರಕೆ ಇರಬೇಕು, ಇಲ್ಲವೇ ನೆಂಟರ ಮದುವೆ ಇರಬೇಕು. ಆಗ ಮಾತ್ರ ಗೃಹಿಣಿಯ ಕೈಚೀಲ ಗೂಟದಿಂದ ಕೆಳಗಿಳಿಯುತ್ತದೆ. ಸುಮ್ಮನೆ ನಾಲ್ಕು ಊರು ನೋಡಿ ಬರೋಣ ಎಂದು ನೀವು ಹೇಳಿ ನೋಡಿ! "ಅಲ್ಲೇನೈತಿ ನೋಡೂದು? ಬಿಸಿಲು, ಕಲ್ಲು!" ಎಂಬ ಉತ್ತರ ಕಾದೇ ಇರುತ್ತದೆ.

ಸೋದರಿಯರೇ, ಹಾಗೆ ಹೇಳುವವರ ಬಾಯಿ ಮುಚ್ಚಿಸುವಂಥ ಒಂದು ಪ್ರವಾಸವನ್ನು ಇಂದು ನಿಮಗೆ ಸೂಚಿಸುತ್ತೇನೆ. ಇದರಲ್ಲಿ ದೇವರೂ ಉಂಟು, ಕೋಟೆಯೂ ಉಂಟು, ಹೊಳೆಯೂ ಉಂಟು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ: ಇವೇ ಆ ನಾಲ್ಕು ಊರುಗಳು. ಎರಡು ದಿನ ಸಾಕು. ಖರ್ಚು ಹೆಚ್ಚಿಲ್ಲ. ಇನ್ನೊಂದು ವಿಶೇಷವಿದೆ. ಬೇರೆ ಕಡೆ ಕೋಟೆ ನೋಡಿದರೆ ಅದನ್ನು ಕಟ್ಟಿಸಿದ ಅರಸನ ಹೆಸರು ಕೇಳುತ್ತೀರಿ, ಗುಡಿ ನೋಡಿದರೆ ಗೆದ್ದ ಅರಸನ ಹೆಸರು ಕೇಳುತ್ತೀರಿ. ಇಲ್ಲಿ ಹೆಜ್ಜೆ ಹೆಜ್ಜೆಗೂ ಕೇಳುವುದು ಹೆಣ್ಣುಮಕ್ಕಳ ಹೆಸರು! ಕಿತ್ತೂರು ಎಂದರೆ ಚೆನ್ನಮ್ಮ, ಬೆಳವಡಿ ಎಂದರೆ ಮಲ್ಲಮ್ಮ, ಸವದತ್ತಿ ಎಂದರೆ ಯಲ್ಲಮ್ಮ, ಸುರೇಬಾನ ಎಂದರೆ ಶಬರಿ. ಇವರನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುವವಳೂ ಒಬ್ಬ ಹೆಣ್ಣುಮಗಳೇ, ನಮ್ಮ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಈ ನಾಡನ್ನೆಲ್ಲ ತೋಯಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯ ಮಡಿಲು ಸೇರುವ ಹೊಳೆ ಇದು. ಅವಳ ಬೆನ್ನು ಹಿಡಿದು ಹೋದರಾಯಿತು, ದಾರಿ ತಪ್ಪುವ ಭಯವಿಲ್ಲ.

ಹೋಗುವುದು ಹೇಗೆ?

ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಬೆಳಗಾವಿಯಿಂದ ಸುಮಾರು 50 ಕಿಲೋಮೀಟರ್, ಧಾರವಾಡದಿಂದ ಸುಮಾರು 30. ರೈಲಿನಲ್ಲಿ ಬರುವವರು ಧಾರವಾಡದಲ್ಲೋ ಬೆಳಗಾವಿಯಲ್ಲೋ ಇಳಿದು ಬಸ್ಸು ಹಿಡಿಯಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ವಿಳಾಸವಿರುವ ಗುರುತಿನ ಚೀಟಿ ಮಾತ್ರ ಕೈಯಲ್ಲಿರಲಿ. "ಬಸ್ ಚಾರ್ಜಿಗೆ ಯಾರ ಮುಂದ ಕೈ ಒಡ್ಡಲಿ?" ಎಂಬ ಮಾತು ಹೀಗೆ ತಪ್ಪಿದೆ. ಓಣಿಯ ಐದಾರು ಗೆಳತಿಯರು ಸೇರಿದರೆ ಒಂದು ಗಾಡಿಯನ್ನೇ ಬಾಡಿಗೆಗೆ ಹಿಡಿಯುವುದು ಇನ್ನೂ ಅನುಕೂಲ. ಬಸ್ಸು ಹೋಗದ ಹಳ್ಳಿಗಳನ್ನೂ ನೋಡಬಹುದು. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೊರಡಿ. ಏಪ್ರಿಲ್-ಮೇ ತಿಂಗಳ ಬಿಸಿಲು ಈ ಕಡೆ ತಡೆಯಲಸಾಧ್ಯ.

ಮೊದಲು ಒಂದು ನಮಸ್ಕಾರ

ಬೆಳಗಾವಿ ಕಡೆಯಿಂದ ಬರುವವರಿಗೆ ಕಿತ್ತೂರಿಗಿಂತ ಮೊದಲು ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. ಮಲಪ್ರಭೆಯ ಮೊದಲ ದರ್ಶನ ಇಲ್ಲೇ. ಹೊಳೆಯಲ್ಲಿರುವ ಮಂಟಪ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ, ಶರಣರು ವಚನಗಳ ಕಟ್ಟು ಹೊತ್ತು ಉಳವಿಯ ದಾರಿ ಹಿಡಿದಾಗ ಈ ತಾಯಿಯೂ ಅವರೊಡನೆ ಬಂದಳು, ಇಲ್ಲಿ ಲಿಂಗೈಕ್ಯಳಾದಳು ಎಂದು ನಂಬಿಕೆ. ಬಸವಣ್ಣನವರ ಹೆಸರು ಗೊತ್ತಿಲ್ಲದ ಕನ್ನಡಿಗರಿಲ್ಲ. ಗಂಗಾಂಬಿಕೆ ಎಲ್ಲಿ ಕಣ್ಣು ಮುಚ್ಚಿದಳು ಎಂದು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರು? ಹತ್ತು ನಿಮಿಷ ನಿಂತು ಕೈ ಮುಗಿದು ಮುಂದೆ ಸಾಗಿರಿ.

ಕಿತ್ತೂರು: ಅರಮನೆಯ ಗೋಡೆಗಳು ಹೇಳುವ ಕಥೆ

ಕಿತ್ತೂರಿನ ದೇಸಾಯರ ಮನೆತನ ಹಳೆಯದು. 1585ರಲ್ಲಿ ಬಿಜಾಪುರದ ಸೈನ್ಯದೊಡನೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ ಶುರುವಾದದ್ದು. ಮೊದಲು ಸಂಪಗಾವಿಯಲ್ಲಿ ಇದ್ದವರು ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯ ಕಾಲಕ್ಕೆ ಕಿತ್ತೂರಿಗೆ ಬಂದರು. ನೀವು ನೋಡುವ ಕೋಟೆ, ಅರಮನೆ ಅವನು ಕಟ್ಟಿಸಿದ್ದು.

ಅರಮನೆ ಈಗ ಅರಮನೆಯಾಗಿ ಉಳಿದಿಲ್ಲ. ಮಾಡು ಇಲ್ಲ, ಮರದ ಕಂಬಗಳಿಲ್ಲ. ಕಲ್ಲು, ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳು ಮಾತ್ರ ನಿಂತಿವೆ. ಆದರೂ ಹೆಂಗಸರ ಕಣ್ಣಿಗೆ ಇಲ್ಲಿ ಕಾಣುವಷ್ಟು ಗಂಡಸರಿಗೆ ಕಾಣಲಿಕ್ಕಿಲ್ಲ ಎಂದರೆ ನಗಬೇಡಿ. ಗಂಡಸರು ಬುರುಜು, ಕಂದಕ ನೋಡುತ್ತ ನಿಲ್ಲುತ್ತಾರೆ. ನೀವು ಒಳಗೆ ಹೋಗಿ. ಅಡಿಗೆಮನೆ ಎಲ್ಲಿತ್ತು, ಪಂಕ್ತಿ ಎಲ್ಲಿ ಕೂಡುತ್ತಿತ್ತು, ಬಚ್ಚಲಿಗೆ ನೀರು ಯಾವ ದಾರಿಯಿಂದ ಬರುತ್ತಿತ್ತು ಎಂದು ನಿಧಾನವಾಗಿ ನೋಡಿ. ಮೀಯಲು ಕಟ್ಟಿದ ತೊಟ್ಟಿಗಳು, ನೀರಿನ ಕಾಲುವೆಗಳು, ಬಾವಿ ಎಲ್ಲಕ್ಕೂ ಒಂದು ಲೆಕ್ಕವಿದೆ. ನೂರಾರು ಮಂದಿಗೆ ಎರಡು ಹೊತ್ತು ಉಣಬಡಿಸಿದ ಮನೆ ಇದು! ಧ್ರುವನಕ್ಷತ್ರ ನೋಡಲೆಂದೇ ಗೋಡೆಯಲ್ಲಿ ಒಂದು ಕಿಂಡಿ ಮಾಡಿದ್ದಾರೆ. ಅದನ್ನು ಕೇಳಿ ತೋರಿಸಿಕೊಳ್ಳದೆ ಬರಬೇಡಿ, ಮಕ್ಕಳಿಗಂತೂ ಅದೊಂದು ಸೋಜಿಗ.

ಕಾಕತಿಯ ದೇಸಾಯರ ಮಗಳು ಚೆನ್ನಮ್ಮ ಈ ಮನೆಗೆ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿ ಬಂದವಳು. ಹಿರಿಯಳು ರುದ್ರಮ್ಮ. 1816ರಲ್ಲಿ ಗಂಡ ತೀರಿಕೊಂಡ. ಮುಂದೆ ಗಾದಿಗೆ ಬಂದ ಮಗ ಶಿವಲಿಂಗರುದ್ರಸರ್ಜನೂ 1824ರಲ್ಲಿ ತೀರಿಕೊಂಡ. ಸಾಯುವ ಮೊದಲು ದತ್ತಕ ತೆಗೆದುಕೊಂಡಿದ್ದ ಹುಡುಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಖಜಾನೆಗೆ ಮೊಹರು ಹಾಕಿದ.

ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಿ. ಮನೆಯಲ್ಲಿ ಗಂಡನೂ ಇಲ್ಲ, ಮಗನೂ ಇಲ್ಲ. ಹೊರಗಿನವನು ಬಂದು ಕೀಲಿಕೈ ಕೇಳುತ್ತಿದ್ದಾನೆ. ಇಂಥ ಹೊತ್ತಿನಲ್ಲಿ "ಹಣೆಯ ಬರಹ" ಎಂದು ಸೆರಗಿನ ಗಂಟು ಬಿಚ್ಚಿ ಕೀಲಿಕೈ ಕೊಟ್ಟವರು ಎಷ್ಟೋ ಜನ. ಚೆನ್ನಮ್ಮ ಕೊಡಲಿಲ್ಲ. 1824ರ ಅಕ್ಟೋಬರ್ 23ರಂದು ಈ ಕೋಟೆಯ ಬಾಗಿಲಿಗೆ ತೋಪು ತಂದು ನಿಲ್ಲಿಸಿದ ಥ್ಯಾಕರೆ ಅಲ್ಲೇ ಹತನಾದ. ಹೊಡೆದವನು ಅಮಟೂರ ಬಾಳಪ್ಪ. ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ರಾಣಿ ಅವರನ್ನು ಚೆನ್ನಾಗಿಯೇ ನೋಡಿಕೊಂಡು, ಯುದ್ಧ ನಿಲ್ಲಿಸುತ್ತೇವೆಂಬ ಮಾತು ನಂಬಿ ಬಿಟ್ಟು ಕಳಿಸಿದಳು. ಮಾತು ಉಳಿಯಲಿಲ್ಲ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಮನೆಯೊಳಗಿನವರೇ ಮದ್ದಿಗೆ ಸಗಣಿ ಬೆರೆಸಿ ದ್ರೋಹ ಮಾಡಿದರೆಂದು ಇಲ್ಲಿನ ಜನ ಇಂದಿಗೂ ಹಲ್ಲು ಕಡಿಯುತ್ತಾರೆ.

ಝಾನ್ಸಿಯ ಲಕ್ಷ್ಮೀಬಾಯಿ ಇನ್ನೂ ಹುಟ್ಟೇ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಆಕೆ ಹುಟ್ಟಿದ್ದು 1828ರಲ್ಲಿ. ದತ್ತಕದ ಹಕ್ಕಿಗಾಗಿ ಆಕೆ ಖಡ್ಗ ಹಿಡಿಯುವುದಕ್ಕೆ ಮೂರು ದಶಕಗಳ ಹಿಂದೆಯೇ ಕಿತ್ತೂರು ಅದೇ ಮಾತಿಗೆ ಎದ್ದು ನಿಂತಿತ್ತು.

ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಖಡ್ಗ, ಕವಚ, ಕೆತ್ತನೆಯ ಬಾಗಿಲು, ಸುತ್ತಲಿನ ಹಳ್ಳಿಗಳಲ್ಲಿ ಸಿಕ್ಕ ಶಿಲ್ಪಗಳು ಇವೆ. ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. 2024ರಲ್ಲಿ ವಿಜಯದ ಇನ್ನೂರನೆಯ ವರ್ಷವನ್ನು ಅದ್ದೂರಿಯಾಗಿ ಆಚರಿಸಿದರು. ಗದ್ದಲ ಇಷ್ಟವಿದ್ದವರು ಆಗ ಹೋಗಿ, ಕೋಟೆ ನೋಡಬೇಕೆಂಬವರು ಬೇರೆ ದಿನ ಹೋಗಿ. ಊರಲ್ಲಿ ಇನ್ನೊಂದು ನೋಟವೂ ಉಂಟು. 1969ರಲ್ಲಿ ಹೆಣ್ಣುಮಕ್ಕಳಿಗೆಂದೇ ಶುರುವಾದ ರಾಣಿ ಚೆನ್ನಮ್ಮ ವಸತಿ ಸೈನಿಕ ಶಾಲೆ ಇಲ್ಲಿದೆ. ಸಮವಸ್ತ್ರ ತೊಟ್ಟ ಹುಡುಗಿಯರು ಎದೆಯೆತ್ತಿ ಕವಾಯತು ಮಾಡುವ ಊರಿನಲ್ಲಿ ಚೆನ್ನಮ್ಮ ಇನ್ನೂ ಇದ್ದಾಳೆ ಎನ್ನಿಸದಿರದು.

ಬೈಲಹೊಂಗಲ: ಸೋತವಳ ಸಮಾಧಿ

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಒಂದು ತಾಸಿನೊಳಗಿನ ದಾರಿ. ಎರಡೂ ಬದಿ ಕರಿಮಣ್ಣು. ಕಾಲಕ್ಕೆ ತಕ್ಕಂತೆ ಜೋಳ, ಹತ್ತಿ, ಕಬ್ಬು, ಕಡಲೆ. ಬೈಲಹೊಂಗಲ ಹಳೆಯ ಹತ್ತಿ ಪೇಟೆ. ಬೆಲ್ಲಕ್ಕೂ ಹೆಸರಾದ ಕಡೆ, ಮನೆಗೆ ಒಂದು ಪೆಂಟಿ ಕಟ್ಟಿಸಿಕೊಳ್ಳಿ.

ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಸೊಸೆಯಂದಿರೊಡನೆ ತಂದು ಸೆರೆಯಿಟ್ಟದ್ದು ಇಲ್ಲಿ. ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಊರೊಳಗೆ ಪುಟ್ಟ ಉದ್ಯಾನದಲ್ಲಿ ಸಮಾಧಿ ಇದೆ. ಕಿತ್ತೂರಿಗೆ ಬಂದು ಫೋಟೋ ತೆಗೆಸಿಕೊಂಡು ಹೋಗುವವರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ನೀವು ಹಾಗೆ ಮಾಡಬೇಡಿ. ಕಿತ್ತೂರಿನಲ್ಲಿ ಕುದುರೆಯೇರಿದ ರಾಣಿಯನ್ನು ಕಾಣುತ್ತೀರಿ. ಇಲ್ಲಿ ರಾಜ್ಯ, ಮಗ, ಮನೆ ಎಲ್ಲ ಹೋದ ಮೇಲೂ ತಲೆ ತಗ್ಗಿಸದೆ ದಿನ ನೂಕಿದ ಒಬ್ಬ ಹೆಂಗಸನ್ನು ನೆನೆಯುತ್ತೀರಿ. ಎರಡನೆಯದೇ ನಮಗೆ ಹೆಚ್ಚು ಹತ್ತಿರ ಅಲ್ಲವೇ? ಯುದ್ಧ ಮಾಡುವ ಸಂದರ್ಭ ಎಲ್ಲರಿಗೂ ಬರುವುದಿಲ್ಲ. ಸೋತ ಮೇಲೆ ಬಾಳುವ ಸಂದರ್ಭ ಬಾರದ ಮನೆಯೇ ಇಲ್ಲ.

ಕೋಟೆ ಬಿದ್ದ ಮೇಲೆ ಹೋರಾಟ ಮುಂದುವರಿಸಿದವನು ಸಂಗೊಳ್ಳಿ ರಾಯಣ್ಣ. ಅವನ ಊರು ಸಂಗೊಳ್ಳಿ ಇದೇ ಭಾಗದಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಆಲದ ಮರಕ್ಕೆ ಗಲ್ಲಿಗೇರಿಸಿದರು. ಆ ಮರಕ್ಕೆ ಮಕ್ಕಳಾಗದ ಹೆಂಗಸರು ತೊಟ್ಟಿಲು ಕಟ್ಟುತ್ತಾರೆ, ಅವನಂಥ ಮಗ ಹುಟ್ಟಲಿ ಎಂದು!

ಬೈಲಹೊಂಗಲದಿಂದ ಧಾರವಾಡದ ಕಡೆ ಹೋದರೆ ಬೆಳವಡಿ. ಇಲ್ಲಿನ ಮಲ್ಲಮ್ಮ ಚೆನ್ನಮ್ಮನಿಗಿಂತ ಒಂದೂವರೆ ಶತಮಾನ ಹಿಂದಿನವಳು. 1678ರಲ್ಲಿ ಶಿವಾಜಿ ಮಹಾರಾಜರ ಸೈನ್ಯ ದಕ್ಷಿಣದ ದಂಡಯಾತ್ರೆ ಮುಗಿಸಿ ಹಿಂದಿರುಗುವಾಗ ಬೆಳವಡಿಯವರೊಡನೆ ಜಗಳವಾಯಿತು. ಗಂಡ ಈಶಪ್ರಭು ಯುದ್ಧದಲ್ಲಿ ಮಡಿದರೂ ಮಲ್ಲಮ್ಮ ಹೋರಾಟ ಬಿಡಲಿಲ್ಲ. ಅವಳದು ಹೆಣ್ಣುಮಕ್ಕಳ ಪಡೆ ಎಂದು ಈ ನಾಡಿನ ಕಥೆ ಹೇಳುತ್ತದೆ. ಮರಾಠಿ ಬರಹಗಳಲ್ಲಿ ಅವಳ ಹೆಸರು ಸಾವಿತ್ರಿಬಾಯಿ. ಕೊನೆಗೆ ಶಿವಾಜಿ ಅವಳನ್ನು ಗೌರವದಿಂದ ಕಂಡು ಸಂಸ್ಥಾನ ಮರಳಿಸಿದನೆಂದೂ, ಆ ನೆನಪಿಗೆ ಕೆತ್ತಿದ ಕಲ್ಲು ಧಾರವಾಡದ ಹತ್ತಿರದ ಯಾದವಾಡದಲ್ಲಿ ಇದೆಯೆಂದೂ ಜನ ತೋರಿಸುತ್ತಾರೆ. ಚೆನ್ನಮ್ಮ ಬೆಳೆದದ್ದು ಇಂಥ ಕಥೆಗಳನ್ನು ಕೇಳುವ ಸೀಮೆಯಲ್ಲಿ ಎಂಬುದನ್ನು ಮರೆಯಬಾರದು. ಮಕ್ಕಳಿಗೆ ನಾವು ಯಾವ ಕಥೆ ಹೇಳುತ್ತೇವೋ ಅದು ಎಲ್ಲೋ ಒಂದು ದಿನ ಮೊಳಕೆ ಒಡೆಯುತ್ತದೆ.

ಸಮಯವಿದ್ದರೆ ಸೊಗಲಕ್ಕೂ ಹೋಗಬಹುದು. ಗುಡ್ಡದ ಸಂದಿಯಲ್ಲಿ ಸೋಮೇಶ್ವರನ ಗುಡಿ, ಪಕ್ಕದಲ್ಲೇ ಧುಮುಕುವ ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ನೋಡಲು ಬಲು ಚಂದ. ಕಲ್ಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಸವದತ್ತಿ: ಉಧೋ ಉಧೋ ಯಲ್ಲಮ್ಮ!

ಎರಡನೆಯ ದಿನ ಬೆಳಗ್ಗೆ ಬೇಗ ಸವದತ್ತಿ ಸೇರಿರಿ. ಹಳೆಯ ಹೆಸರು ಸುಗಂಧವರ್ತಿ. ರಟ್ಟರೆಂಬ ಅರಸರು ಬೆಳಗಾವಿಗೆ ಹೋಗುವ ಮೊದಲು ಇಲ್ಲಿಂದ ಆಳಿದರು. ಊರಲ್ಲಿ ಅಂಕೇಶ್ವರನ ಹಳೆಯ ಗುಡಿ ಇದೆ. ನವಲಗುಂದ-ಸಿರಸಂಗಿ ದೇಸಾಯರು ಕಟ್ಟಿಸಿದ ಕೋಟೆ ಇದೆ. ಹತ್ತಿರದ ಹೂಲಿಯಲ್ಲಿ ಪಂಚಲಿಂಗೇಶ್ವರನ ದೊಡ್ಡ ಗುಡಿ, ಸುತ್ತ ಹತ್ತಾರು ಪಾಳು ಗುಡಿಗಳು. ಶಿಲ್ಪದಲ್ಲಿ ಆಸಕ್ತಿ ಇದ್ದವರು ಹೂಲಿಯನ್ನು ತಪ್ಪಿಸಬಾರದು.

ಆದರೆ ಸವದತ್ತಿ ಎಂದರೆ ಎಲ್ಲರಿಗೂ ಯಲ್ಲಮ್ಮನ ಗುಡ್ಡವೇ. ಊರಿನಿಂದ ಐದಾರು ಕಿಲೋಮೀಟರ್. ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಮೊದಲು ಜೋಗುಳಬಾವಿಯಲ್ಲಿ ಸ್ನಾನ, ಸತ್ಯವ್ವನ ದರ್ಶನ. ಆಮೇಲೆ ಗುಡ್ಡ ಏರಿ ಎಣ್ಣೆಹೊಂಡ, ಪರಶುರಾಮನ ಗುಡಿ, ತಾಯಿಯ ದರ್ಶನ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಕಾಲಿಡಲು ಜಾಗವಿರದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರ, ಗೋವಾ, ಆಂಧ್ರದಿಂದಲೂ ಜನ ಬರುತ್ತಾರೆ, ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಉಂಟು. ಗುಡ್ಡದ ತುಂಬ ಒಲೆಯ ಹೊಗೆ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯದ ವಾಸನೆ. ಮಾಡಿದ್ದನ್ನೆಲ್ಲ ಇಟ್ಟು ಪಡಲಗಿ ತುಂಬಿಸಿ ಅಲ್ಲೇ ಉಣ್ಣುತ್ತಾರೆ. ಗಾಳಿಯಲ್ಲಿ ಭಂಡಾರ ಹಾರುತ್ತದೆ, ಚೌಡಿಕೆ ನುಡಿಯುತ್ತದೆ. ನೆತ್ತಿಯಿಂದ ಪಾದದವರೆಗೆ ಹಳದಿಯಾಗದೆ ಯಾರೂ ಇಳಿದು ಬರುವುದಿಲ್ಲ. ಒಳ್ಳೆಯ ಸೀರೆ ಉಟ್ಟು ಹೋಗಬೇಡಿ ಎಂಬುದು ನನ್ನ ಕಿವಿಮಾತು!

ಯಲ್ಲಮ್ಮ ಎಂದರೆ ಜಮದಗ್ನಿಯ ಹೆಂಡತಿ ರೇಣುಕೆ, ಪರಶುರಾಮನ ತಾಯಿ. ದಿನವೂ ಮಲಪ್ರಭೆಗೆ ಹೋಗಿ ಮರಳಿನ ಕೊಡ ಮಾಡಿ ನೀರು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆ ನೋಡಿ ಮನಸ್ಸು ಒಂದು ಗಳಿಗೆ ಆಚೀಚೆ ಆಯಿತು, ಮರಳಿನ ಕೊಡ ನಿಲ್ಲಲಿಲ್ಲ. ಗಂಡ ಸಿಟ್ಟಾದ, ಮಗ ಕೊಡಲಿ ಎತ್ತಿದ. ಈ ಕಥೆಯನ್ನು ಮಗಳಿಗೆ ಹೇಳುವಾಗ "ಅದಕ್ಕ ನೋಡು, ಹೆಂಗಸರ ಮನಸ್ಸು ಹಿಡಿತದಾಗ ಇರಬೇಕು" ಎಂದು ಮುಗಿಸುವವರೇ ಹೆಚ್ಚು. ಆದರೆ ಗುಡ್ಡಕ್ಕೆ ಬರುವ ಲಕ್ಷಾಂತರ ಹೆಂಗಸರು ಹಾಗೆ ತಿಳಿದಂತೆ ಕಾಣುವುದಿಲ್ಲ. ಅವರು ಜಮದಗ್ನಿಯ ಮುಂದೆ ಗೋಳು ಹೇಳಿಕೊಳ್ಳುವುದಿಲ್ಲ, ರೇಣುಕೆಯ ಮುಂದೆ ಹೇಳಿಕೊಳ್ಳುತ್ತಾರೆ. ಸಣ್ಣ ತಪ್ಪಿಗೆ ದೊಡ್ಡ ಶಿಕ್ಷೆ ಉಂಡವಳಿಗೆ ತಮ್ಮ ಸಂಕಟ ತಿಳಿದೀತು ಎಂಬ ನಂಬಿಕೆ ಅದು. ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ-ಮಾಂಗಲ್ಯ ತೆಗೆಯುವ ಪದ್ಧತಿ ಇದೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಗಂಡನಿಲ್ಲದವರ ದುಃಖವನ್ನೂ ತಾನು ಉಂಡು ನೋಡುವ ದೇವತೆ ಇವಳು! ಗುಡ್ಡದಲ್ಲಿ ಒಬ್ಬ ಮುದುಕಿ ಹೇಳಿದ ಮಾತು ಕೇಳಿ: "ಆಕಿಗೂ ಆಗೇತವ್ವಾ, ನಮಗೂ ಆಗೇತಿ. ಅದಕ್ಕ ಆಕಿ ತಾಯಿ."

ಈ ಗುಡ್ಡದ ಹೆಸರಿನಲ್ಲಿ ನಡೆದ ಅನ್ಯಾಯವನ್ನೂ ಹೇಳದೆ ಬಿಡುವಂತಿಲ್ಲ. ಬಡವರ ಮನೆಯ ಹೆಣ್ಣು ಕೂಸುಗಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ರೂಢಿ ಬಹುಕಾಲ ಇತ್ತು. ತಾಯಿಯ ಹೆಸರು, ಲಾಭ ಮಾತ್ರ ಬೇರೆಯವರಿಗೆ. ಕರ್ನಾಟಕ ಸರಕಾರ 1982ರಲ್ಲಿ ಕಾನೂನು ತಂದು ಇದನ್ನು ಅಪರಾಧ ಎಂದು ಸಾರಿತು. ಕಾನೂನಿನ ಜೊತೆಗೆ ಹೆಂಗಸರೂ ಎದ್ದರು. ಇದೇ ಜಿಲ್ಲೆಯ ಸೀತವ್ವ ಜೋಡಟ್ಟಿ ಎಳೆಯ ವಯಸ್ಸಿನಲ್ಲೇ ದೇವದಾಸಿಯಾಗಿ ಬಿಡಲ್ಪಟ್ಟವರು. ಮುಂದೆ ಅಂಥವರ ಸಂಘಟನೆ ಕಟ್ಟಿ ದುಡಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಯಲ್ಲಮ್ಮನ ಹೆಸರಿನಲ್ಲೇ ಕೊಡ ಹೊತ್ತು ಕುಣಿದ ಜೋಗತಿ ಕಲಾವಿದೆ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಗುಡ್ಡದಲ್ಲಿ ಜೋಗತಿಯರು ಎದುರಾದರೆ ಮುಖ ತಿರುಗಿಸಬೇಡಿ, ಎರಡು ಮಾತಾಡಿಸಿ.

ಗುಡ್ಡ ಇಳಿದು ನವಿಲುತೀರ್ಥಕ್ಕೆ ಹೋಗಿರಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ, ಎಪ್ಪತ್ತರ ದಶಕದ ಆರಂಭದಲ್ಲಿ ಮುಗಿದ ಕೆಲಸ. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಅಂದು ಮರಳಿನ ಕೊಡದಲ್ಲಿ ನೀರು ಹೊತ್ತವಳ ಹೆಸರಿನಲ್ಲಿ ಇಂದು ಸಾಗರವೇ ನಿಂತಿದೆ! ಸುತ್ತಲಿನ ಊರುಗಳ ಹೊಲಕ್ಕೂ ನಲ್ಲಿಗೂ ಇದೇ ಆಸರೆ.

ರಾಮದುರ್ಗದ ಕಡೆಗೆ ಹೋಗುವ ಮೊದಲು ಸಿರಸಂಗಿಯ ಕಾಳಮ್ಮನ ದರ್ಶನ ಮಾಡಬಹುದು. ಯುಗಾದಿಯ ಹೊತ್ತಿಗೆ ಇಲ್ಲಿ ದೊಡ್ಡ ಜಾತ್ರೆ. ಇದೇ ಊರಿನ ದೇಸಾಯಿ ಲಿಂಗರಾಜರು (1861–1906) ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ಓದಿಗಾಗಿ ಬರೆದಿಟ್ಟು ಹೋದವರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು.

ರಾಮದುರ್ಗ: ಕಾದವಳ ಕೊಳ್ಳ

ರಾಮದುರ್ಗ ಸ್ವಾತಂತ್ರ್ಯ ಬರುವವರೆಗೂ ಭಾವೆ ಮನೆತನದ ಪುಟ್ಟ ಸಂಸ್ಥಾನ. 1939ರ ಏಪ್ರಿಲ್‌ನಲ್ಲಿ ಇಲ್ಲಿನ ಪ್ರಜೆಗಳು ಸಂಸ್ಥಾನದ ವಿರುದ್ಧ ಎದ್ದು ಸೆರೆಮನೆಗೇ ನುಗ್ಗಿದರು. ಆ ಕಿಚ್ಚಿಗೆ ಎಷ್ಟೋ ಮನೆಗಳು ಬೆಲೆ ತೆತ್ತವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು.

ರಾಮದುರ್ಗ, ಸುರೇಬಾನ ಎರಡೂ ನೇಕಾರರ ಊರು. ಮಗ್ಗದ ಸದ್ದು ಕೇಳಿದ ಕಡೆ ನಿಂತು, ಒಳಗೆ ಬರಬಹುದೇ ಎಂದು ಕೇಳಿ ನೋಡಿ. ನಾವು ಉಡುವ ಸೀರೆ ಎಷ್ಟು ಕೈಗಳನ್ನು ದಾಟಿ ಬರುತ್ತದೆಂದು ತಿಳಿಯುತ್ತದೆ. ನೂಲು ಸುತ್ತುವುದು, ಕಂಡಿಕೆ ತುಂಬುವುದು ಬಹಳ ಮನೆಗಳಲ್ಲಿ ಹೆಂಗಸರ ಕೆಲಸ. ಅಡಿಗೆ, ಮಕ್ಕಳು ಎಲ್ಲದರ ನಡುವೆಯೇ ಅದೂ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಇಲ್ಲಿನ ಎಷ್ಟೋ ಮನೆ, ಮಗ್ಗಗಳು ನೀರು ಪಾಲಾದವು. ತಾಯಿ ಎಂದು ಕರೆದ ಹೊಳೆಯೇ ಮನೆಯೊಳಗೆ ಬಂದದ್ದನ್ನು ಕಂಡವರು ಮತ್ತೆ ಮಗ್ಗ ಹೂಡಿ ಕುಳಿತಿದ್ದಾರೆ. ಸೀರೆ ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ. ಐವತ್ತು, ನೂರಕ್ಕೆ ಚೌಕಾಸಿ ಮಾಡಬೇಡಿ.

ಸುರೇಬಾನದ ಹತ್ತಿರ ಗುಡ್ಡದ ನಡುವೆ ಶಬರಿಕೊಳ್ಳ. ಪುಟ್ಟ ಗುಡಿ, ತಣ್ಣನೆಯ ನೀರಿನ ಹೊಂಡ, ಸುತ್ತ ಗಿಡಮರ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಈ ಸೀಮೆಯವರ ನಂಬಿಕೆ. ಹಂಪಿಯ ಕಡೆಯವರು ತಮ್ಮಲ್ಲಿ ಎನ್ನುತ್ತಾರೆ. ಜಗಳ ಬೇಡ. ಕಾದವಳು ನಮ್ಮ ನಾಡಿನವಳು ಅಂದರಾಯಿತು. ಚೆನ್ನಮ್ಮನಿಗೆ ಕೋಟೆ ಇತ್ತು, ಯಲ್ಲಮ್ಮನಿಗೆ ಗುಡ್ಡ ಇದೆ. ಶಬರಿಗೆ ಏನಿತ್ತು? ಒಂದು ಗುಡಿಸಲು, ಒಂದು ಬುಟ್ಟಿ ಹಣ್ಣು. ಬರುವವರು ಇಂದೇ ಬಂದಾರು ಎಂದು ದಿನವೂ ಅಂಗಳ ಗುಡಿಸಿ, ಹಣ್ಣು ಆರಿಸಿ, ಬಾಗಿಲಲ್ಲಿ ಕೂತವಳು. ಹೊರಗೆ ಹೋದವರ ದಾರಿ ನೋಡುತ್ತ ಅನ್ನ ಆರಿಸದೆ ಮುಚ್ಚಿಟ್ಟು ಕೂಡುವ ನಮಗೆಲ್ಲ ಆಕೆ ಹತ್ತಿರದ ಬಳಗ. ಆದ್ದರಿಂದಲೇ ಇಲ್ಲಿಗೆ ಬಂದವರು ಒಂದಿಷ್ಟು ಹೊತ್ತು ಸುಮ್ಮನೆ ಕೂತು ಹೋಗುತ್ತಾರೆ. ನೀವೂ ಕೂಡಿರಿ. ಎದ್ದು ಯಾರಿಗೂ ಬಡಿಸಬೇಕಾದ್ದಿಲ್ಲ, ಗಡಿಯಾರ ನೋಡಬೇಕಾದ್ದಿಲ್ಲ.

ಇದೇ ತಾಲ್ಲೂಕಿನ ಗೊಡಚಿಯಲ್ಲಿ ವೀರಭದ್ರನ ದೊಡ್ಡ ಕ್ಷೇತ್ರ. ಡಿಸೆಂಬರ್ ಸುಮಾರಿಗೆ ಬರುವ ಹೊಸ್ತಿಲ ಹುಣ್ಣಿಮೆಗೆ ಜಾತ್ರೆ. ಬಳೂಲಕಾಯಿ, ಬಾರಿಹಣ್ಣು ರಾಶಿ ರಾಶಿ ಬರುತ್ತವೆ. ತೊರಗಲ್ಲಿನಲ್ಲಿ ಹಳೆಯ ಕೋಟೆ, ಭೂತನಾಥನ ಗುಡಿಗಳಿವೆ. ಮೂರನೆಯ ದಿನ ಕೈಯಲ್ಲಿದ್ದರೆ ಇಲ್ಲಿಂದ ಬಾದಾಮಿಯೂ ದೂರವಲ್ಲ.

ಬುತ್ತಿಗೆ ಮಾದಲಿ

ದಾರಿಯಲ್ಲಿ ಎಲ್ಲ ಕಡೆ ಊಟ ಸಿಗುತ್ತದೆನ್ನುವಂತಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಳ್ಳಿ. ಸಿಹಿಗೆ ನಾಲ್ಕು ದಿನ ಕೆಡದ ಮಾದಲಿ ಇರಲಿ. ತರಿತರಿಯಾದ ಗೋಧಿ ಹಿಟ್ಟು 4 ಬಟ್ಟಲು, ಕಡಲೆ ಹಿಟ್ಟು ಅರ್ಧ ಬಟ್ಟಲು ಸೇರಿಸಿ ಗಟ್ಟಿಯಾಗಿ ಕಲಸಿ, ದಪ್ಪ ಚಪಾತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಚೆನ್ನಾಗಿ ಬೇಯಿಸಿ. ಆರಿದ ಮೇಲೆ ಮುರಿದು, ಕುಟ್ಟಿ ರವೆಯಂತೆ ಮಾಡಿ. 2 ಬಟ್ಟಲು ಪುಡಿ ಬೆಲ್ಲ, ಹುರಿದ ಗಸಗಸೆ, ಒಣಕೊಬ್ಬರಿ ತುರಿ, ಪುಟಾಣಿ, ಏಲಕ್ಕಿ, ಚೂರು ಶುಂಠಿ ಪುಡಿ ಬೆರೆಸಿ. ನೀರಿನ ಪಸೆ ತಾಗದ ಡಬ್ಬಿಯಲ್ಲಿ ತುಂಬಿ. ತಿನ್ನುವಾಗ ತುಪ್ಪ, ಹಾಲು ಹಾಕಿಕೊಂಡರೆ ಆಯಿತು. ಬೆಲ್ಲ ಬೈಲಹೊಂಗಲದ್ದಾದರೆ ಕೇಳುವುದೇ ಬೇಡ!

ಹೊರಡುವ ಮುನ್ನ

ಹಗುರ ಚೀಲ, ಗಟ್ಟಿ ಚಪ್ಪಲಿ, ತಲೆಗೆ ಸೆರಗಲ್ಲದೆ ಒಂದು ಛತ್ರಿ, ಕುಡಿಯುವ ನೀರು, ಗುರುತಿನ ಚೀಟಿ, ಚಿಲ್ಲರೆ ಹಣ. ಯಲ್ಲಮ್ಮನ ಗುಡ್ಡದಲ್ಲಿ ಆಭರಣ ಮೈಮೇಲೆ ಬೇಡ. ಜನಸಂದಣಿಯಲ್ಲಿ ಕಳೆದುಹೋದರೆ ಎಲ್ಲಿ ಸೇರಬೇಕೆಂದು ಮೊದಲೇ ಮಕ್ಕಳಿಗೆ ಒಂದು ಗುರುತು ಹೇಳಿಡಿ. ಕಿತ್ತೂರಿನ ವಸ್ತುಸಂಗ್ರಹಾಲಯದ ರಜೆಯ ದಿನ ವಿಚಾರಿಸಿಕೊಂಡು ಹೊರಡಿ. ರಾತ್ರಿ ತಂಗಲು ಸವದತ್ತಿಯಲ್ಲಿ, ಧಾರವಾಡದಲ್ಲಿ ಅನುಕೂಲವಿದೆ; ಹುಣ್ಣಿಮೆಯ ದಿನಗಳಾದರೆ ಮುಂಚೆ ಗೊತ್ತು ಮಾಡಿಕೊಳ್ಳಿ.

ಇನ್ನೊಂದು ಮಾತು. ಮಗಳನ್ನು, ಸೊಸೆಯನ್ನು ತಪ್ಪದೆ ಜೊತೆಗೆ ಕರೆದುಕೊಂಡು ಹೋಗಿ. ಪಾಠದ ಪುಸ್ತಕದಲ್ಲಿ ಚೆನ್ನಮ್ಮನ ಮೇಲೆ ಹತ್ತು ಅಂಕದ ಪ್ರಶ್ನೆ ಬರೆದು ಮರೆತುಬಿಡುವ ಹುಡುಗಿ, ಆ ಬಿದ್ದ ಗೋಡೆಯ ನೆರಳಲ್ಲಿ ನಿಂತು ರೊಟ್ಟಿ ತಿಂದರೆ ಮರೆಯುವುದಿಲ್ಲ. ಅತ್ತೆ-ಸೊಸೆ ಒಂದೇ ಸೀಟಿನಲ್ಲಿ ಎರಡು ದಿನ ಕೂತು ಬಂದರೆ ಮನೆಯಲ್ಲಿ ಎರಡು ವರ್ಷ ಆಡದ ಮಾತು ಆಡಿಯಾರು. "ಎರಡು ದಿನ ಮನಿ ಯಾರು ನೋಡಬೇಕು?" ಎಂದು ಮನೆಯವರು ಕೇಳಿದರೆ ನಕ್ಕು ಹೇಳಿ, ಮಾದಲಿ ಡಬ್ಬಿ ತುಂಬೇ ಇಟ್ಟಿದ್ದೇನೆ ಎಂದು.